ಹಳೇ ಗ್ಯಾಸ್ ಗೀಸರ್ ಬದಲಿಸುತ್ತೀರಾ?

ಹೈದರಾಬಾದಿನ ಕಾಚಿಗುಡ, ಬರ್ಕತ್‌ಪುರದ ಹಳೇ ಮನೆಗಳಲ್ಲಿರುವವರೇ, ನಿಮ್ಮ ಬಚ್ಚಲುಮನೆಯೊಳಗೇ ಗ್ಯಾಸ್ ಗೀಸರ್ ಇದ್ದರೆ ಇದನ್ನು ಕೇಳಿ.

ಕಿಟಕಿ ಮುಚ್ಚಿದ ಕೋಣೆಯಲ್ಲಿ ಬರ್ನರ್ ಉರಿದಂತೆ ಆಮ್ಲಜನಕ ಕುಗ್ಗಿ, ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟುತ್ತದೆ.

ಹಾಗಾಗಿ ಐಎಸ್‌ಐ ಗುರುತಿನ ಹೊಸ ಗೀಸರನ್ನು ಹೊರಗೆ, ಗಾಳಿಯಾಡುವ ಕಡೆ ಹಾಕಿಸಿ. ಬಿಸಿನೀರಿನ ಪೈಪ್ ಮಾತ್ರ ಒಳಗೆ ಬರಲಿ.

ಭಾಗ್ಯನಗರ ಗ್ಯಾಸ್‌ನ ಪೈಪ್ ಸಂಪರ್ಕ ಬಂದಿದೆಯಾ? ಸಿಲಿಂಡರಿನ ಗೀಸರನ್ನು ಅದಕ್ಕೆ ಹಾಗೇ ಜೋಡಿಸಬೇಡಿ. ಎರಡಕ್ಕೂ ಜೆಟ್ ಬೇರೆ, ಒತ್ತಡ ಬೇರೆ.

ವಿದ್ಯುತ್ ಗೀಸರ್ ಆರಿಸಿದರೆ, ಮೊದಲು ಹಳೇ ವೈರಿಂಗ್, ಅರ್ಥಿಂಗ್ ಪರೀಕ್ಷೆ ಮಾಡಿಸಿ.

ಸ್ನಾನದ ನಡುವೆ ತಲೆ ಸುತ್ತಿದರೆ ತಕ್ಷಣ ಹೊರಗೆ ಬನ್ನಿ, 108ಕ್ಕೆ ಕರೆ ಮಾಡಿ. ಈ ವಿಡಿಯೋ ಮನೆಯವರಿಗೆಲ್ಲ ಕಳಿಸಿ.