ಕಂಬದ ಶೆಡ್: ಕಾಸು ಉಳಿಯುವುದೆಲ್ಲಿ, ಶೀಟು ಹಾರುವುದೆಲ್ಲಿ

ಟ್ರ್ಯಾಕ್ಟರಿಗೆ, ಒಣಮೇವಿಗೆ, ನಾಲ್ಕು ಹಸುಗಳಿಗೆ ಒಂದು ಸೂರು ಬೇಕೆಂದರೆ ಪಾಯ ತೋಡಿ ಗೋಡೆ ಎಬ್ಬಿಸಬೇಕಾಗಿಲ್ಲ. ಕಂಬ ನೆಟ್ಟು, ಪಟ್ಟಿ ಹೊಡೆದು, ಶೀಟು ಹೊದಿಸಿದರೆ ಆಯಿತು. ಇದಕ್ಕೆ ಊರಲ್ಲಿ ಸಲಹೆಗಳೂ ಪುಕ್ಕಟೆ ಸಿಗುತ್ತವೆ; ಅವುಗಳಲ್ಲಿ ಕೆಲವು ಮಾತ್ರ ಬಹಳ ದುಬಾರಿ ಬೀಳುತ್ತವೆ.

ತಪ್ಪು ಕಲ್ಪನೆ: ಕಂಬ ನೆಟ್ಟ ಶೆಡ್ಡು ಎರಡು ಮಳೆಗಾಲದ ಬಾಳು.

ವಾಸ್ತವ: 1930ರ ದಶಕದ ಆರ್ಥಿಕ ಕುಸಿತದಲ್ಲಿ ಅಮೆರಿಕದ ರೈತರು ಕೈಯಲ್ಲಿ ಕಾಸಿಲ್ಲದೆ ಹಿಡಿದ ದಾರಿಯೇ ಇದು. ಔಷಧಿ ಕುಡಿಸಿದ ಕಂಬಗಳ ಮೇಲೆ ನಿಂತ ಅಂಥ ಕಟ್ಟಡಗಳು ದಶಕಗಟ್ಟಲೆ ಬಾಳುತ್ತವೆ. ನಮ್ಮ ಕೋಲಾರ, ಚಿಕ್ಕಬಳ್ಳಾಪುರದ ಕಡೆಯಂತೂ ಕಲ್ಲುಕಂಬವೇ ಇದೆ, ಅದಕ್ಕೆ ಗೆದ್ದಲಿನ ಭಯವೇ ಇಲ್ಲ.

ತಪ್ಪು ಕಲ್ಪನೆ: ಮರದ ಕಂಬದ ತುದಿ ಸುಟ್ಟು, ಟಾರ್ ಬಳಿದು, ಸುತ್ತ ಕಾಂಕ್ರೀಟ್ ಸುರಿದರೆ ಕಲ್ಲಿನ ಹಾಗೆ ನಿಲ್ಲುತ್ತದೆ.

ವಾಸ್ತವ: ಮುರಿದುಬಿದ್ದ ಕಂಬವೊಂದನ್ನು ನೋಡಿ. ಆಳದಲ್ಲಿ ಹೂತ ತುದಿ ಎಷ್ಟೋ ಸಲ ಗಟ್ಟಿಯಾಗಿಯೇ ಇರುತ್ತದೆ. ಮುರಿದಿರುವುದು ನೆಲದ ಮಟ್ಟದಲ್ಲಿ. ಅಲ್ಲಿ ಸ್ಕ್ರೂ ಡ್ರೈವರ್ ಒತ್ತಿದರೆ ಸಲೀಸಾಗಿ ಒಳಗಿಳಿಯುತ್ತದೆ. ಮರ ಕೊಳೆಸುವ ಶಿಲೀಂಧ್ರಕ್ಕೆ ತೇವವೂ ಬೇಕು, ಗಾಳಿಯೂ ಬೇಕು. ಎರಡೂ ಒಟ್ಟಿಗೆ ಸಿಗುವುದು ಮಣ್ಣಿನ ಮೇಲ್ಪದರದಲ್ಲೇ. ಸುಟ್ಟ ಕರಿಯಾಗಲಿ, ಬಳಿದ ಟಾರ್ ಆಗಲಿ ಮರದ ಮೈಮೇಲಿನ ತೆಳು ಹೊದಿಕೆ. ಮರ ಒಣಗಿ ಸೀಳಿತೆಂದರೆ ಗೆದ್ದಲಿಗೆ ಬಾಗಿಲು ತೆರೆದಂತೆ. ಕಾಂಕ್ರೀಟಿನದೂ ಅದೇ ಪಾಡು. ಹಸಿ ನೀಲಗಿರಿಯೋ ಸರ್ವೆಯೋ ಒಣಗಿ ಕುಗ್ಗಿದಾಗ ಸುತ್ತ ಸಂದು ಬಿಡುತ್ತದೆ, ಅದರಲ್ಲಿ ಮಳೆನೀರು ನಿಲ್ಲುತ್ತದೆ. ಕಾಂಕ್ರೀಟನ್ನು ನೆಲದಿಂದ ಒಂದೆರಡು ಇಂಚು ಎತ್ತರಿಸಿ, ನೀರು ಹೊರಗೆ ಹರಿಯುವ ಹಾಗೆ ಇಳಿಜಾರು ಕೊಟ್ಟರೆ ಸ್ವಲ್ಪ ವಾಸಿ. ಚೇಗು ಬಲಿತ ಮರವೇ ಸಿಕ್ಕರೆ ಇನ್ನೂ ವಾಸಿ; ಹೊರಗಿನ ಬಿಳಿ ಭಾಗ ಯಾವ ಜಾತಿಯದಾದರೂ ಬಾಳುವುದಿಲ್ಲ.

ಕಾಂಕ್ರೀಟ್ ದಿಂಡಿನ ಮೇಲೆ ಕಬ್ಬಿಣದ ಪ್ಲೇಟು ಇಟ್ಟು ಕಂಬವನ್ನು ಮಣ್ಣಿನಿಂದಲೇ ಮೇಲೆತ್ತುವುದು ಒಳ್ಳೆಯ ಉಪಾಯ, ಆದರೆ ಅದಕ್ಕೊಂದು ಬೆಲೆಯುಂಟು. ಹೂತ ಕಂಬ ಓಲಾಡದಂತೆ ಹಿಡಿಯುವುದು ಮಣ್ಣು. ಮಣ್ಣು ಬಿಟ್ಟ ಮೇಲೆ ಆ ಕೆಲಸವನ್ನು ಕಂಬಕ್ಕೂ ತೊಲೆಗೂ ನಡುವಿನ ಓರೆ ಆಸರೆಗಳು ಮಾಡಬೇಕು. ಪ್ಲೇಟು ಹಾಕಿ ಆಸರೆ ಮರೆತ ಶೆಡ್ಡನ್ನು ಕೈಯಲ್ಲಿ ದೂಡಿದರೂ ಅಲುಗುತ್ತದೆ.

ತಪ್ಪು ಕಲ್ಪನೆ: ಶೀಟಿನ ಭಾರ ಹೊತ್ತರೆ ಸಾಕು.

ವಾಸ್ತವ: ಶೆಡ್ಡು ಕುಸಿಯುವುದಕ್ಕಿಂತ ಹಾರುವುದೇ ಹೆಚ್ಚು. ಏಪ್ರಿಲ್–ಮೇ ಮಳೆಯ ಮೊದಲ ಗಾಳಿಗೆ ಪಕ್ಕದ ಹೊಲಕ್ಕೆ ಹೋಗಿ ಬಿದ್ದ ಸೂರನ್ನು ಗಮನಿಸಿದವರಿಗೆ ಗೊತ್ತು: ಎಷ್ಟೋ ಸಲ ಶೀಟು ಪಟ್ಟಿಯನ್ನು ಕಚ್ಚಿಕೊಂಡೇ ಇರುತ್ತದೆ, ಬಿಟ್ಟಿರುವುದು ಪಟ್ಟಿಗೂ ಕಂಬಕ್ಕೂ ನಡುವಿನ ಬೆಸುಗೆ.

ಲೆಕ್ಕ ಹಾಕಿ ನೋಡೋಣ. ಭಾರತೀಯ ಮಾನಕದ ಪ್ರಕಾರ ವಿನ್ಯಾಸಕ್ಕೆ ಹಿಡಿಯುವ ಮೂಲ ಗಾಳಿವೇಗ ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39. ಬೆಂಗಳೂರಿನ ವೇಗಕ್ಕೇ ಚದರಡಿಗೆ ಸುಮಾರು 6 ಕಿಲೋ ಒತ್ತಡ ಬರುತ್ತದೆ, 0.5 ಮಿ.ಮೀ. ಶೀಟಿನ ತೂಕ ಚದರಡಿಗೆ ಅರ್ಧ ಕಿಲೋ ಆಸುಪಾಸು. 20×30 ಅಡಿಯ, ಎಂಟು ಕಂಬದ ಶೆಡ್ಡಿನಲ್ಲಿ ಆ ಒತ್ತಡದ ಅರ್ಧವಷ್ಟೇ ಸೂರನ್ನು ಮೇಲೆತ್ತಿದರೂ ಒಂದೊಂದು ಕಂಬವನ್ನು ಕೀಳುವ ಬಲ ಸುಮಾರು 200 ಕಿಲೋ. ಒಂದು ಘನ ಅಡಿ ಕಾಂಕ್ರೀಟಿನ ತೂಕ 68 ಕಿಲೋ. ಗುಂಡಿಗೆ ನಾಲ್ಕು ಬಾಂಡಲಿ ಸುರಿದು ಮೇಸ್ತ್ರಿ ಕೈ ತೊಳೆದುಕೊಳ್ಳುವಾಗ ಈ ಲೆಕ್ಕ ನೆನಪಿರಲಿ. ಗೋಡೆಯಿಲ್ಲದ ಶೆಡ್ಡಿಗೆ ಗಾಳಿ ಕೆಳಗಿನಿಂದಲೂ ನುಗ್ಗುತ್ತದೆ, ಮೇಲಿನಿಂದಲೂ ಸೆಳೆಯುತ್ತದೆ. ‘ತೆರೆದಿದೆಯಲ್ಲ, ಗಾಳಿ ಹಾದುಹೋಗುತ್ತೆ’ ಎಂಬ ಧೈರ್ಯ ಬೇಡ. ಅಂಚು ಮತ್ತು ಮೂಲೆಗಳಲ್ಲಿ ಸ್ಕ್ರೂ ಒತ್ತಾಗಿರಲಿ, ರಬ್ಬರ್ ವಾಷರ್ ಒಳ್ಳೆಯದಿರಲಿ. ಗೋಡೆಯಲ್ಲಿ ಉಳಿಸಿದ ದುಡ್ಡನ್ನು ಸುರಿಯಬೇಕಾದ ಜಾಗ ಇದೇ.

ತಪ್ಪು ಕಲ್ಪನೆ: ಸ್ವಂತ ಜಮೀನು, ಯಾರ ಅಪ್ಪಣೆ ಬೇಕು?

ವಾಸ್ತವ: ಅರ್ಧ ನಿಜ. ಕರ್ನಾಟಕ ಭೂಕಂದಾಯ ಕಾಯ್ದೆ, 1964ರ 95ನೇ ಕಲಮಿನಂತೆ ಬೇಸಾಯಕ್ಕೆ ಬೇಕಾದ ಕಟ್ಟಡಕ್ಕೆ ಭೂಪರಿವರ್ತನೆ ಬೇಡ. ಅದೇ ಶೆಡ್ಡನ್ನು ಗೋಡೌನಿಗೋ ಗ್ಯಾರೇಜಿಗೋ ಬಾಡಿಗೆಗೆ ಕೊಟ್ಟರೆ ಕತೆ ಬೇರೆ. ಪಂಚಾಯ್ತಿಯಲ್ಲಿ ಒಂದು ಮಾತು ಕೇಳಿಕೊಳ್ಳಿ, ಕರೆಂಟ್ ತಂತಿಯ ಕೆಳಗೆ ಕಟ್ಟಬೇಡಿ. ಸಹಾಯಧನದ ಆಸೆಯಿದ್ದರೆ ಆದೇಶ ಕೈಗೆ ಬರುವ ಮೊದಲು ಗುಂಡಿ ತೋಡಬೇಡಿ.

ತಪ್ಪು ಕಲ್ಪನೆ: ತಗಡಿನ ಶೀಟಿನಡಿ ದನ ಬೇಯುತ್ತದೆ, ಸಿಮೆಂಟ್ ಶೀಟೇ ಸರಿ.

ವಾಸ್ತವ: ಬೇಯಿಸುವುದು ತಗ್ಗಾದ ಸೂರು. ಅಂಚಿನಲ್ಲೇ ಹತ್ತಡಿ ಎತ್ತರ ಕೊಟ್ಟು, ಉದ್ದವನ್ನು ಪೂರ್ವ–ಪಶ್ಚಿಮಕ್ಕೆ ಇಟ್ಟು, ಮೇಲೆ ಬಿಳಿ ಬಣ್ಣ ಬಳಿದರೆ ಸೆಕೆ ಎಷ್ಟೋ ಇಳಿಯುತ್ತದೆ. ಸಿಮೆಂಟ್ ಶೀಟಿನಲ್ಲಿ ಆಸ್ಬೆಸ್ಟಾಸ್ ಇದ್ದರೆ ಕೊಯ್ಯುವಾಗ ಏಳುವ ಧೂಳು ಶ್ವಾಸಕೋಶಕ್ಕೆ ವಿಷ.

ತಪ್ಪು ಕಲ್ಪನೆ: ನೆಲ ನುಣ್ಣಗಿದ್ದಷ್ಟೂ ಒಳ್ಳೆಯದು.

ವಾಸ್ತವ: ನುಣ್ಣಗಿನ ನೆಲದಲ್ಲಿ ಹಸು ಜಾರಿ ಸೊಂಟ ಮುರಿದುಕೊಳ್ಳುತ್ತದೆ. ಹಸಿ ಇದ್ದಾಗಲೇ ಗೆರೆ ಎಳೆಸಿ, ಗಂಜಳ ಹರಿಯಲು 40 ಅಡಿಗೆ ಒಂದಡಿ ಇಳಿಜಾರು ಕೊಡಿಸಿ. ಟ್ರ್ಯಾಕ್ಟರ್ ನಿಲ್ಲುವ ಕಡೆ ಸಿಮೆಂಟೇ ಬೇಡ, ಮಣ್ಣೇರಿಸಿ ಜಲ್ಲಿ ದಮ್ಮಸ್ಸು ಮಾಡಿದರೆ ಸಾಕು.