ನಿಮಗಿದು ಗೊತ್ತೆ? ಮೂಗಿನ ದೋಷಕ್ಕೆ ಕುತ್ತಿಗೆಗೆ ಸೂಜಿ

ಕೋವಿಡ್ ಬಂದುಹೋದ ಮೇಲೆ ಕೆಲವರಿಗೆ ವಾಸನೆಯೇ ತಿಳಿಯದು. ಇನ್ನು ಕೆಲವರಿಗೆ ಒಗ್ಗರಣೆಯೂ ಕೊಳೆತ ವಸ್ತುವಿನಂತೆ ನಾರುತ್ತದೆ. ಈ ಎರಡನೆಯ ದೋಷಕ್ಕೆ ಹೆಸರು ಪರೋಸ್ಮಿಯಾ.

ಇದಕ್ಕೊಂದು ವಿಚಿತ್ರ ಚಿಕಿತ್ಸೆಯಿದೆ. ಕುತ್ತಿಗೆಯ ಬುಡದಲ್ಲಿರುವ ‘ಸ್ಟೆಲ್ಲೇಟ್ ಗ್ಯಾಂಗ್ಲಿಯಾನ್’ ಎಂಬ ನರಗಂಟಿನ ಬಳಿ ಅರಿವಳಿಕೆ ಮದ್ದು ಚುಚ್ಚುತ್ತಾರೆ. ತಮಾಷೆಯೆಂದರೆ, ವಾಸನೆಯ ಸಂದೇಶ ಮಿದುಳಿಗೆ ಹೋಗುವುದು ಈ ದಾರಿಯಲ್ಲಲ್ಲ! ಹಾಗಿದ್ದೂ 2023ರಲ್ಲಿ ಅಮೆರಿಕದ ಫಿಲಡೆಲ್ಫಿಯಾದ ವೈದ್ಯರು ಪ್ರಕಟಿಸಿದ ವರದಿಯಂತೆ, ಒಂದು ವಾರದ ನಂತರ ಮಾಹಿತಿ ನೀಡಿದ 37 ಮಂದಿಯಲ್ಲಿ 22 ಮಂದಿಗೆ ಸುಧಾರಣೆ ಕಂಡಿತು. ಸೂಜಿ ಚುಚ್ಚಿದ ಬದಿಯ ರೆಪ್ಪೆ ಕೆಲ ಹೊತ್ತು ಜೋತುಬೀಳುವುದು ಸಾಮಾನ್ಯ. ಚಿಕಿತ್ಸೆ ಪಡೆದವರು ಕಡಿಮೆ. ಆದ್ದರಿಂದ ಇದನ್ನು ಖಾತ್ರಿ ಮದ್ದು ಎನ್ನಲಾಗದು.

ಸೂಜಿಯಿಲ್ಲದ ದಾರಿ ‘ವಾಸನೆ ತಾಲೀಮು’. 2009ರಲ್ಲಿ ಜರ್ಮನಿಯ ಥಾಮಸ್ ಹುಮ್ಮೆಲ್ ತಂಡ ಗುಲಾಬಿ, ನೀಲಗಿರಿ, ಲವಂಗ, ಲಿಂಬೆ ಈ ನಾಲ್ಕು ಪರಿಮಳಗಳನ್ನು ಬೆಳಿಗ್ಗೆ, ಸಂಜೆ 12 ವಾರ ಮೂಸಿಸಿತು. ಹಲವರ ಘ್ರಾಣಶಕ್ತಿ ಹೆಚ್ಚಿತು. ಈ ನಾಲ್ಕರಲ್ಲಿ ಲಿಂಬೆಗಂತೂ ವಿಜಯಪುರ ಜಿಲ್ಲೆಯವರು ಹುಡುಕಾಡಬೇಕಿಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ತೋಟಗಳಲ್ಲೇ ಬೆಳೆಯುತ್ತದೆ. ಇಂಡಿ ಲಿಂಬೆಗೆ ಭೌಗೋಳಿಕ ಸೂಚಕ (ಜಿಐ) ಮಾನ್ಯತೆಯೂ ಇದೆ. ಘಮ ಇರುವುದು ಸಿಪ್ಪೆಯ ಎಣ್ಣೆಯಲ್ಲಿ, ಹುಳಿಯಲ್ಲಲ್ಲ. ಆದ್ದರಿಂದ ಸಿಪ್ಪೆಯನ್ನು ಉಗುರಿನಿಂದ ಗೀರಿ ಮೂಸಿದರೆ ಸಾಕು. ರಸವನ್ನು ಮೂಗಿಗೆ ಬಿಟ್ಟುಕೊಳ್ಳಿ ಎಂದು 2021ರಲ್ಲಿ ಹಬ್ಬಿದ ಸಲಹೆಯನ್ನು ಪಾಲಿಸಬೇಡಿ. ರಸವು ಮೂಗಿನ ಒಳಪೊರೆಯನ್ನು ಸುಡುತ್ತದೆ.