ನಿಮಗಿದು ಗೊತ್ತೆ? ಪಿನ್‌ಗೂ ಮೊದಲು ಹೆಸರು

ಗೋರ್ಟಾ (ಬಿ)ಯಿಂದ ಬಸವಕಲ್ಯಾಣದ ಗೊಬ್ಬರದ ಅಂಗಡಿಗೆ ಯುಪಿಐನಲ್ಲಿ ಹಣ ಕಳಿಸುವಾಗ, ಪಿನ್ ಕೇಳುವ ಮೊದಲೇ ಪರದೆಯ ಮೇಲೆ ಹಣ ಪಡೆಯುವವರ ಹೆಸರು ಮೂಡುತ್ತದೆ. ಗುಂಡಿ ಒತ್ತಿದರೆ ಏನಾಗುತ್ತದೆ ಎಂಬುದನ್ನು ಮುಂಚೆಯೇ ತೋರಿಸುವ ಒಳ್ಳೆಯ ವಿನ್ಯಾಸವಿದು.

ಹಿಂದೆ ಕೆಲವು ಆ್ಯಪ್‌ಗಳಲ್ಲಿ ನಾವೇ ಸೇವ್ ಮಾಡಿಕೊಂಡ ಹೆಸರೋ ಕ್ಯೂಆರ್ ಕೋಡ್‌ನಲ್ಲಿದ್ದ ಹೆಸರೋ ಕಾಣುತ್ತಿತ್ತು. ಮೋಸಕ್ಕೆ ಅಷ್ಟೇ ಸಾಕಿತ್ತು. ಬ್ಯಾಂಕ್ ದಾಖಲೆಯಲ್ಲಿರುವ ಹೆಸರನ್ನೇ ತೋರಿಸಬೇಕು ಎಂದು ಯುಪಿಐ ನಡೆಸುವ ಎನ್‌ಪಿಸಿಐ ಆದೇಶಿಸಿ, 2025ರ ಜೂನ್ 30ರ ಗಡುವು ಕೊಟ್ಟಿತು. ನೆಫ್ಟ್, ಆರ್‌ಟಿಜಿಎಸ್‌ಗಳಲ್ಲೂ ಹೆಸರು ನೋಡುವ ಸೌಲಭ್ಯ ಒದಗಿಸಲು ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ 2025ರ ಏಪ್ರಿಲ್ 1ರವರೆಗೆ ಸಮಯ ನೀಡಿತ್ತು.

ಹೋದ ಹಣವನ್ನು ಹಿಂದಕ್ಕೆಳೆಯುವ ಗುಂಡಿ ಯುಪಿಐನಲ್ಲಿ ಇಲ್ಲ. ಹೆಸರು ಓದಿ, ಆಮೇಲೆ ಪಿನ್ ಒತ್ತಿ.